ಅರ್ಧ ಎತ್ತಿದ ಎಳೆ

ಹೊಳೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ಮಂತ್ರ ಕಡಿಮೆ, ಮಗ್ಗದ ಸಪ್ಪಳ ಜಾಸ್ತಿ. ರಾಚಪ್ಪಜ್ಜ ಅಲ್ಲಿಯ ಗುರು. ನೇಯುವುದು ಬಿಟ್ಟು ಬೇರೇನೂ ಕಲಿಸಿದವನಲ್ಲ.

ಅಜ್ಜನ ಹೆಂಡತಿ ದಾನಮ್ಮ ಸಾಯುವ ಮುಂಚೆ ಚೌಕಳಿ ಹಾಳೆಯ ಮೇಲೆ ಒಂದು ಮಿಂಚುಳ್ಳಿ ಬರೆದಿಟ್ಟಿದ್ದಳು. ಅದಕ್ಕೆಂದೇ ನೂಲನ್ನು ನೀಲಿಯಲ್ಲಿ ಅದ್ದಿ ಒಣಗಿಸಿಟ್ಟಿದ್ದಳು. ಹಕ್ಕಿ ಮಗ್ಗಕ್ಕೆ ಏರುವುದರೊಳಗೆ ಅವಳೇ ಹೋದಳು.

ನಾಲ್ಕು ವರ್ಷ ಅಜ್ಜ ಆ ಹಾಳೆಯನ್ನು ಬಿಚ್ಚಿರಲೇ ಇಲ್ಲ. ಈಗ ಬಿಚ್ಚಿ, ಶಿಷ್ಯ ಮಾನಪ್ಪನ ಕೈಗೆ ಕೊಟ್ಟ.

"ನೂಲು ಮೂರು ಹಕ್ಕಿಗೆ ಸಾಲತೈತಿ. ಅಷ್ಟ."

ಹಾಳೆಯಲ್ಲಿ ಹಕ್ಕಿಯ ಅಂಚು ಮೆಟ್ಟಿಲು ಮೆಟ್ಟಿಲಾಗಿತ್ತು. ವಯಸ್ಸಾದವರ ಕೈಕೆಲಸ ಅಂದುಕೊಂಡ ಮಾನಪ್ಪ. ತನ್ನ ಲ್ಯಾಪ್‌ಟಾಪಿನಲ್ಲಿ ದುಂಡಗೆ ತಿದ್ದಿ ಬರೆದ. ಚಿತ್ರವನ್ನು ಮಗ್ಗದ ಕಂಪ್ಯೂಟರಿಗೆ ದಾಟಿಸಿದ. ಅದು ಹಳೆಯದು, ಅದರ ಆಪರೇಟಿಂಗ್ ಸಿಸ್ಟಮ್ಮೇ ಬೇರೆ. ಚಿತ್ರದ ಒಂದೊಂದು ಚುಕ್ಕೆ ನೋಡಿ ಆ ಮಗ್ಗ ಒಂದೊಂದು ಎಳೆ ಎತ್ತುತ್ತದೆ, ಇಲ್ಲವೇ ಬಿಡುತ್ತದೆ.

ಮೊದಲ ಹಕ್ಕಿ ಇಳಿಯಿತು. ಅಜ್ಜ ನೋಡಿದ.

"ಗಲ್ಲ ಬಾತೈತಲ್ಲೋ. ಹಲ್ಲುಬ್ಯಾನಿ ಏನು ಇದಕ್ಕ?"

"ನನ್ನ ಲ್ಯಾಪ್‌ಟಾಪಿನ್ಯಾಗ ಛಂದ ಐತ್ರಿ ಅಜ್ಜಾರ. ಈ ಮುದುಕಗ ಕಣ್ಣು ಕಾಣವಲ್ದು."

"ಯಾವ ಮುದುಕಗ?"

"ಕಂಪ್ಯೂಟರಿಗ್ರೀ!"

ಮಾನಪ್ಪ ಅಂಚನ್ನು ಇನ್ನಷ್ಟು ನಯ ಮಾಡಿದ. ಲ್ಯಾಪ್‌ಟಾಪಿನಲ್ಲಿ ಹಕ್ಕಿ ಬೆಣ್ಣೆಯಂತೆ ಕಂಡಿತು. ಬಟ್ಟೆಯ ಮೇಲೆ ರೆಕ್ಕೆ ಹರಿದಿತ್ತು.

"ಇದನ್ನ ನುಸಿ ತಿಂದೈತಿ," ಅಂದ ಅಜ್ಜ.

ಇನ್ನು ಒಂದೇ ಹಕ್ಕಿಯ ನೂಲು. ಮಾನಪ್ಪನಿಗೆ ಅದನ್ನು ಮುಟ್ಟಲು ಕೈ ಬರಲಿಲ್ಲ.

"ಬ್ಯಾರೆಯವರಿಗೆ ಕೊಡ್ರಿ ಅಜ್ಜಾರ. ಅವ್ವಾರ ನೂಲು ನನ್ನ ಕೈಯಾಗ ಹಾಳಾಗತೈತಿ."

ಅಜ್ಜ ಎರಡು ಗೂಟದ ನಡುವೆ ನಾಲ್ಕಾರು ಬಿಳಿ ಎಳೆ ಬಿಗಿದು ಕೂತ. ಒಂದು ಕೈಯಲ್ಲಿ ಅಡ್ಡನೂಲಿನ ಲಾಳಿ ಹಿಡಿದ.

"ನಿನ್ನ ಚಿತ್ರ ದೊಡ್ಡದು ಮಾಡಿ ಓದು. ಒಂದೊಂದ ಚುಕ್ಕಿ. ಬಿಳಿ ಅಂದ್ರ ಎತ್ತತೀನಿ, ನೀಲಿ ಅಂದ್ರ ಬಿಡತೀನಿ."

"ಬಿಳಿ," ಅಂದ ಮಾನಪ್ಪ. "ಬಿಳಿ. ಬಿಳಿ..."

ನಿಂತ.

"ಯಾಕೋ?"

"ಇದು ಬಿಳಿನೂ ಅಲ್ರಿ, ನೀಲಿನೂ ಅಲ್ರಿ. ತಿಳಿನೀಲಿ."

ಅಜ್ಜ ಎಳೆಯನ್ನು ಅರ್ಧ ಎತ್ತಿದ. ಅಲ್ಲೇ ಹಿಡಿದು ಕೂತ.

"ಲಾಳಿ ಎಲ್ಲಿಂದ ದಾಟಲಿ? ಮ್ಯಾಲಿಂದೋ, ಕೆಳಗಿಂದೋ?"

ಮಾನಪ್ಪ ಎಳೆ ನೋಡಿದ, ಲಾಳಿ ನೋಡಿದ.

"ಯಾರು ಹಾಕಿದ್ರು ಈ ತಿಳಿನೀಲಿ?"

"ನಾ ಹಾಕಿಲ್ರಿ. ಚಿತ್ರ ಉಳಿಸುವಾಗ ಲ್ಯಾಪ್‌ಟಾಪ ತಾನಾಗೇ ಅಂಚಿಗೆ ತುಂಬತೈತ್ರಿ. ಆಂಟಿಅಲಿಯಾಸಿಂಗ್ ಅಂತಾರ. ಕಣ್ಣಿಗೆ ನಯ ಕಾಣಲಿ ಅಂತ."

"ಎಳಿಗೆ ಕಣ್ಣು ಎಲ್ಲೈತಿ?"

ಮಾನಪ್ಪನಿಗೆ ಆಗ ಹೊಳೆಯಿತು. ಆ ತಿಳಿನೀಲಿಯಲ್ಲಿ ಹಳೆ ಕಂಪ್ಯೂಟರು ಒಂದಿಷ್ಟನ್ನು ನೀಲಿ ಅಂದುಕೊಂಡಿತ್ತು, ಒಂದಿಷ್ಟನ್ನು ಬಿಳಿ. ತಾನು ಹೇಳದೆ ಬಿಟ್ಟಿದ್ದನ್ನು ಅದು ಊಹಿಸಿತ್ತು.

"ಕೈ ಇಳಸ್ಲೇನೋ? ನೋಯಾಕ ಹತ್ತೈತಿ," ಅಂದ ಅಜ್ಜ.

"ಇಳಸ್ರಿ, ಇಳಸ್ರಿ!"

ಮಾನಪ್ಪ ಲ್ಯಾಪ್‌ಟಾಪಿಗೆ ಬಾಗಿದ. ಉಳಿಸುವ ಕಿಟಕಿಯಲ್ಲಿ ಆಂಟಿಅಲಿಯಾಸಿಂಗ್ ಎದುರಿಗಿದ್ದ ಟಿಕ್ಕು ತೆಗೆದ. ತಿಳಿನೀಲಿ ಹೋಯಿತು. ಜೊತೆಗೆ ನಯವೂ ಹೋಯಿತು. ಅಂಚು ತುಂಬ ಮೆಟ್ಟಿಲು.

ದಾನಮ್ಮನ ಹಾಳೆಯನ್ನು ಪಕ್ಕಕ್ಕಿಟ್ಟು ನೋಡಿದ. ಅಲ್ಲಿಯೂ ಅವೇ ಮೆಟ್ಟಿಲು. ಬಾಲದ ಹತ್ತಿರ ಅವಳ ಪೆನ್ಸಿಲು ನಡುಗಿದ ಗುರುತಿತ್ತು. ಆದರೂ ಅರ್ಧ ತುಂಬಿದ ಚೌಕ ಒಂದೂ ಇರಲಿಲ್ಲ.

ಮೂರನೆಯ ಹಕ್ಕಿ ಇಳಿಯಿತು. ನೀಲಿ ನೂಲು ಮುಗಿಯಿತು.

ಮಾನಪ್ಪ ಬಟ್ಟೆಗೆ ಮೂಗು ಹಚ್ಚಿ ನೋಡಿದ. ಮುಖ ಸಣ್ಣದಾಯಿತು.

"ಒರಟಾತ್ರಿ ಅಜ್ಜಾರ. ಮೆಟ್ಟಲಾ ಎಣಿಸಬಹುದು."

ಅಜ್ಜ ಬಟ್ಟೆಯನ್ನು ಅಂಗಳದ ಹಗ್ಗಕ್ಕೆ ಹಾಕಿದ. ಮಾನಪ್ಪನ ರಟ್ಟೆ ಹಿಡಿದು ಹೊಳೆಯ ಕಡೆ ನಡೆದ. ನೀರು ಕಾಲಿಗೆ ತಾಗಿದ ಮೇಲೆ ನಿಂತ.

"ಈಗ ತಿರುಗಿ ನೋಡು."

ಬೆಳಗಿನ ಬಿಸಿಲಲ್ಲಿ ಮಿಂಚುಳ್ಳಿ ಕೂತಿತ್ತು. ದುಂಡನೆಯ ಎದೆ. ಕೊಕ್ಕು ನೀರಿನ ಕಡೆಗೆ. ಇನ್ನೇನು ಹಾರುವಂತಿತ್ತು.

ಮಾನಪ್ಪ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಆಮೇಲೆ ಕೇಳಿದ:

"ಮೆಟ್ಟಲಾ ಎಲ್ಲಿ ಹೋದ್ವ್ರೀ?"

"ಎಲ್ಲೂ ಹೋಗಿಲ್ಲೋ ತಮ್ಮಾ. ಇಷ್ಟು ದೂರ ಬಂದು ನಿಂತು ನೋಡಾಕ ನನಗ ನಾಕು ವರ್ಷ ಹಿಡೀತು."