ಒಣಗಿದ ಖಂಜಿರದ ದನಿ

ತಾಳವಾದ್ಯಗಾರ ಚೆಲುವಯ್ಯನವರ ಜೊತೆ ಒಂದು ಘಟವೂ ಒಂದು ಖಂಜಿರವೂ ಊರೂರು ತಿರುಗುತ್ತಿದ್ದವು. ಖಂಜಿರಕ್ಕೆ ಬಿಡುವೇ ಇರಲಿಲ್ಲ. ಬೆಳಿಗ್ಗೆ ಸಿನಿಮಾ ಹಾಡಿನ ರೆಕಾರ್ಡಿಂಗು, ಸಂಜೆ ಕಛೇರಿ, ಮರುದಿನ ಇನ್ನೊಂದೂರಿನ ಹರಿಕಥೆ. ಪ್ರತಿ ಸಲವೂ ಚೆಲುವಯ್ಯ ಅದರ ಚರ್ಮಕ್ಕೆ ನಾಲ್ಕು ಹನಿ ನೀರು ಸವರಿ, ಹಾಡುವವರಿಗೆ ತಕ್ಕಂತೆ ದನಿ ಇಳಿಸುತ್ತಿದ್ದರು.

ಒಂದು ದಿನ ಘಟ ಹೇಳಿತು: "ನಾಲ್ಕು ಹನಿ ನೀರಿಗೆ ನೀನು ದನಿ ಬದಲಿಸುತ್ತೀಯ. ನಾನು ಕುಂಬಾರನ ಆವಿಗೆಯಿಂದ ಬಂದಾಗ ಇದ್ದ ಶ್ರುತಿಯಲ್ಲೇ ಇಂದಿಗೂ ಇದ್ದೇನೆ. ನಿನಗೆ ಸ್ವಂತದ್ದು ಅಂತ ಏನಿದೆ?"

ನೀರು ತಾಕಿದಾಗಲೆಲ್ಲ ಖಂಜಿರ ಒಳಗೇ ಅಳುಕುತ್ತಿತ್ತು. ಅದಕ್ಕೂ ಆ ಅನುಮಾನ ಇದ್ದೇ ಇತ್ತು.

ಆ ಸಂಜೆಯ ಗಾಯಕಿಗೆ ನೆಗಡಿಯಾಗಿತ್ತು. ಅವರು ಶ್ರುತಿ ತಗ್ಗಿಸಿದರು. ಘಟ ಹೊಂದಲಿಲ್ಲ. ಚೆಲುವಯ್ಯ ಅದನ್ನು ಪಕ್ಕಕ್ಕಿಟ್ಟು, ಖಂಜಿರಕ್ಕೆ ಇನ್ನಷ್ಟು ನೀರು ಸವರಿ, ಮಂಗಳ ಹಾಡುವವರೆಗೂ ಅದನ್ನೇ ನುಡಿಸಿದರು.

ಮರುದಿನ ರೈಲಿನಲ್ಲಿ ಅವರು ಖಂಜಿರವನ್ನು ಕಿಟಕಿಯ ಗಾಳಿಗೆ ಹಿಡಿದರು. ತೇವವೆಲ್ಲ ಆರಿತು. ಬೆರಳಿನಿಂದ ಒಮ್ಮೆ ತಟ್ಟಿದಾಗ ಠಣ್ಣೆಂದು ಏರುದನಿ ಹೊರಟಿತು.

"ಇದು ಯಾರ ಶ್ರುತಿ?" ಎಂದು ಘಟ ಬೆರಗಾಗಿ ಕೇಳಿತು.

"ಹಾಡುವವರು ಯಾರದೂ ಅಲ್ಲ, ಅಣ್ಣಾ. ಯಾರ ಹಾಡಿಗೆ ಹೋಗಿ ಬಂದರೂ ಒಣಗಿದ ಮೇಲೆ ನಾನು ಇದೇ ದನಿಗೆ ಮರಳುತ್ತೇನೆ. ನೀನು ಕೇಳದಿದ್ದರೆ ಇದು ನನ್ನದೆಂದು ನನಗೂ ಹೊಳೆಯುತ್ತಿರಲಿಲ್ಲ."

ಮುಂದಿನ ಊರಿನ ವೇದಿಕೆಯಲ್ಲಿ ಚೆಲುವಯ್ಯ ನೀರಿನ ಲೋಟಕ್ಕೆ ಬೆರಳದ್ದಿದರು. ಖಂಜಿರ ಈ ಸಲ ಅಳುಕಲಿಲ್ಲ.