ಅರಗು ಹಾಕಿದ ತಿರುಪು

ಆಗ ಎಲ್ಲರೂ ನಂಬಿದ್ದರು: ಆಶ್ರಮದ ಸ್ಫಟಿಕ ತಪ್ಪುವುದಿಲ್ಲ.

ನದೀತೀರದ ಆ ಆಶ್ರಮದಲ್ಲಿ ಒಂದು ರೇಡಿಯೋ, ಬಂದ ಸುದ್ದಿಯನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುವಂಥದು. ಅದರ ಕಂಪನಾಂಕವನ್ನು ಹಿಡಿದು ನಿಲ್ಲಿಸುತ್ತಿದ್ದುದು ಉಗುರಿನಷ್ಟು ಸ್ಫಟಿಕ. ಹಿಂದಿನ ಗುರುಗಳು ಅದರ ತಿರುಪನ್ನು ಕೂರಿಸಿ, ಮೇಲೆ ಅರಗು ಹಾಕಿ ಹೋಗಿದ್ದರು. ಅಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ದಿನಾ ಹೂವಿಡುತ್ತಿದ್ದರು, ಅಷ್ಟೆ.

ಗುಡ್ಡದ ಮೇಲೆ ಹಾಲಪ್ಪ ಒಬ್ಬನೇ ಇದ್ದ. ಮಳೆ ಅಳೆದು ಬೆಳಿಗ್ಗೆ ಸುದ್ದಿ ಕಳಿಸುವುದು ಅವನ ಕೆಲಸ. ಅವನ ಯಂತ್ರ ಹೇಳಬಲ್ಲದು, ಕೇಳಲಾರದು. ಕೆಳಗೆ ಆಶ್ರಮದಲ್ಲಿ ಅದನ್ನು ಪಡೆಯುವವನು ಶಿಷ್ಯ ಶಂಭುಲಿಂಗ. ಅವನಿಗೆ ಬೆಸುಗೆ ಹಾಕಲು ಕಲಿಸಿದವನೂ ಹಾಲಪ್ಪನೇ.

ಗುರು ಮರುಳಯ್ಯ ಹತ್ತು ದಿನ ಪೇಟೆಯಲ್ಲಿದ್ದು ಬಂದರು.

"ಹಾಲಪ್ಪ ಏನಂತಾನೆ?"

"ಏನಂತಾನೋ ದೇವರೇ ಬಲ್ಲ. ಆರು ದಿನ ಬರೀ ಕಲಸುಮೇಲೋಗರ. ಇವತ್ತು ಅದೂ ಇಲ್ಲ. ಅವನ ಕಂಪನಾಂಕ ಜಾರಿದೆ ಗುರುಗಳೇ. ವಯಸ್ಸಾಯಿತಲ್ಲ."

"ನೀನೇನು ಮಾಡಿದೆ?"

"ಬಂದದ್ದನ್ನು ಹಾಗೇ ರೆಕಾರ್ಡ್ ಮಾಡಿದೆ. 'ಅಶುದ್ಧ' ಅಂತ ಬರೆದಿಟ್ಟೆ."

"ತಿರುಪು ತಿರುಗಿಸಲಿಲ್ಲವೇ?"

ಶಂಭುಲಿಂಗ ಕೆನ್ನೆ ಬಡಿದುಕೊಂಡ. "ತಪ್ಪಿದವನಿಗೋಸ್ಕರ ಸರಿಯಿದ್ದದ್ದನ್ನು ಕೆಡಿಸುವುದೇ?"

"ಅವನ ಸುದ್ದಿ ಶುರುವಾಗುವುದು ಹೇಗೆ?"

"ಅದೇ ಎಂಟು ಗುರುತು. ದಿನಾ ಅದೇ. ಅದರಲ್ಲೇನು ಸುದ್ದಿ?"

"ಬರಬೇಕಾದದ್ದು ನಿನಗೆ ಬಾಯಿಪಾಠ. ಬಂದದ್ದು ಕಣ್ಣೆದುರಿಗಿತ್ತು. ಎರಡರ ನಡುವೆ ಎಷ್ಟು ದೂರ ಅಂತ ನೋಡಿ, ಅಷ್ಟು ಪಕ್ಕಕ್ಕೆ ಸರಿ ಮಾರಾಯ ಅಂತ ಆ ಎಂಟು ಗುರುತು ದಿನಾ ಹೇಳಿದವು."

ಮರುಳಯ್ಯ ಅಡಕತ್ತರಿಯ ತುದಿಯಿಂದ ಅರಗು ಒಡೆದರು. ರೆಕಾರ್ಡನ್ನು ಮತ್ತೆ ರೇಡಿಯೋದೊಳಗೆ ಓಡಿಸಿ, ಎಂಟು ಗುರುತು ನೆಟ್ಟಗಾಗುವವರೆಗೆ ತಿರುಪು ತಿರುಗಿಸಿದರು. ಪರದೆಯ ಮೇಲೆ ಅಕ್ಷರ ಮೂಡಿದವು.

ಮೊದಲ ದಿನ: ಮಳೆ ಎರಡು ಅಂಗುಲ. ಸ್ವಲ್ಪ ಜ್ವರ.

ಮೂರನೆಯ ದಿನ: ಮಳೆ ಅಳೆದಿಲ್ಲ. ಏಳಲಾಗುತ್ತಿಲ್ಲ. ಶಂಭುವನ್ನು ಕಳಿಸಿ.

ಐದನೆಯ ದಿನ: ಶಂಭು ಹೊರಟನೇ?

ಆರನೆಯ ದಿನ ಎಂಟು ಗುರುತು ಮಾತ್ರ. ಮುಂದೆ ಏನೂ ಇಲ್ಲ.

ಇಬ್ಬರೂ ಓಡಿದರು. ಓಡಿ ಪ್ರಯೋಜನವಿರಲಿಲ್ಲ. ಹಾಲಪ್ಪ ಯಂತ್ರದ ಪಕ್ಕದಲ್ಲೇ ಮಲಗಿದ್ದ, ಮೈ ತಣ್ಣಗಾಗಿತ್ತು.

ಅವನನ್ನು ಹೂಳಿ, ಗುಂಡಿ ಮುಚ್ಚಿ ಕೈ ತೊಳೆದರು. ಆಮೇಲೆ ಶಂಭುಲಿಂಗನಿಗೆ ತಡೆಯಲಾಗಲಿಲ್ಲ.

"ತಪ್ಪು ನನ್ನದೇ, ಗುರುಗಳೇ. ಆದರೂ... ಅವನು ತನ್ನ ಯಂತ್ರವನ್ನು ಸ್ವಲ್ಪ ನೆಟ್ಟಗೆ ಇಟ್ಟುಕೊಂಡಿದ್ದರೆ..."

ಮರುಳಯ್ಯ ಪೇಟೆಯಿಂದ ಒಂದು ಅಳತೆಯ ಡಬ್ಬಿ ತಂದಿದ್ದರು. ಉಪಗ್ರಹದ ಗಡಿಯಾರಕ್ಕೆ ಹೋಲಿಸಿ ಕಂಪನಾಂಕ ಹೇಳುವಂಥದು. ಅದನ್ನು ಜೋಳಿಗೆಗೆ ಹಾಕಿಕೊಳ್ಳುತ್ತಾ ಹೇಳಿದರು:

"ಅವನ ಯಂತ್ರವನ್ನು ಅಳೆದು ನೋಡಿದೆ. ಅವನದು ಕೂದಲೆಳೆಯಷ್ಟೂ ಸರಿದಿಲ್ಲ. ಜಾರಿದ್ದು ನಮ್ಮದು."