ಜೀಪಿನೊಳಗಿನ ಬಿಳಿ ಬೊಟ್ಟು

ಥಾಯ್ಲೆಂಡಿನ ಬೆಟ್ಟದ ದಾರಿಯಲ್ಲಿ ಒಂದು ಚೆಕ್‌ಪೋಸ್ಟ್. ಬಸ್ಸು ನಿಲ್ಲಿಸಿದ ಅಧಿಕಾರಿ ನನ್ನ ಬ್ಯಾಗಿಗೆ ಕೈಹಾಕಿ ಒಂದು ಪ್ಲಾಸ್ಟಿಕ್ ಚೀಲ ಎತ್ತಿದ. ಅದರ ತುಂಬ ಬಿಳಿ ಪುಡಿ.

ನನಗೆ ಜೀವ ಬಾಯಿಗೆ ಬಂತು. ಅವ್ವ ಮಠದಿಂದ ತಂದು ಕಟ್ಟಿಕೊಟ್ಟದ್ದು ವಿಭೂತಿ ಗಟ್ಟಿ. ಗೆಳೆಯ ಗಿರಿಮಲ್ಲನೂ ನಾನೂ ಬ್ಯಾಗು ಹೊತ್ತು ಮೂರು ವಾರ ಅಲೆದದ್ದಕ್ಕೆ ಅದು ಹಿಟ್ಟಾಗಿತ್ತು.

"ಮಾದಕ ವಸ್ತು! ಇಪ್ಪತ್ತು ವರ್ಷ ಜೈಲು!" ಎಂದು ಅಧಿಕಾರಿ ಹರಕು ಇಂಗ್ಲಿಷಿನಲ್ಲಿ ಗುಡುಗಿದ. "ಎಲ್ಲರೆದುರು ಮೊಣಕಾಲೂರಿ ತಪ್ಪೊಪ್ಪಿಕೊಳ್ಳಿ!"

ಅವನ ಮಾತು ಮುಗಿಯುವ ಮೊದಲೇ ನಾನು ಮೊಣಕಾಲೂರಿದ್ದೆ.

"ಏಳಲೇ, ನಾ ಮಾತಾಡ್ತೀನಿ" ಎಂದ ಗಿರಿಮಲ್ಲ. ವಿಜಯಪುರದಲ್ಲಿ ಅವನು ಬಸ್ ಕಂಡಕ್ಟರ್. ದಿನಕ್ಕೆ ನೂರು ಜನರ ಬಾಯಿ ಕಂಡವನು.

ಅಧಿಕಾರಿಗೆ ಕೈಮುಗಿದು ಹೇಳಿದ: "ಸರ್, ಮೊದಲು ನಿಮ್ಮ ಜೀಪಿಗೆ ಬಿಳಿ ಪುಡಿ ಹಚ್ಚಿದವರನ್ನು ಹಿಡಿಯಿರಿ."

ನಿಜ. ಪಕ್ಕದಲ್ಲೇ ನಿಂತಿದ್ದ ಅವನ ಜೀಪಿನ ಒಳಚಾವಣಿಯಲ್ಲಿ ಬಿಳಿ ಬೊಟ್ಟುಗಳಿದ್ದವು.

ಅಧಿಕಾರಿ ಕೆಂಡವಾದ. "ಬಾಯ್ಮುಚ್ಚು! ಅದು ನಮ್ಮ ಭಿಕ್ಷುಗಳು ಇಟ್ಟ ಆಶೀರ್ವಾದ. ದಾರಿಯಲ್ಲಿ ಕಾಪಾಡುತ್ತದೆ!"

"ಇದೂ ಅದೇ, ಸರ್. ನಮ್ಮ ಮಠದ ಅಜ್ಜಾರು ಕೊಟ್ಟದ್ದು." ಗಿರಿಮಲ್ಲ ಒಂದು ಚಿಟಿಕೆ ಹಣೆಗೆ ಬಳಿದು ಇನ್ನೊಂದನ್ನು ನಾಲಿಗೆಗೆ ಹಾಕಿಕೊಂಡ. "ಕಾಪಾಡುತ್ತದೋ ಇಲ್ಲವೋ, ಈಗ ನೀವೇ ಹೇಳಬೇಕು."

ಅಧಿಕಾರಿ ಪುಡಿ ಮೂಸಿದ. ಜೀಪಿನತ್ತ ನೋಡಿದ. ಮೆಲ್ಲಗೆ ಟೋಪಿ ತೆಗೆದು ನನ್ನೆದುರು ಹಣೆ ಒಡ್ಡಿದ.

ಎಳೆಯಬೇಕಾದದ್ದು ಮೂರೇ ಗೆರೆ. ನನ್ನ ಕೈ ನಡುಕಕ್ಕೆ ಆರೇಳಾದವು.